ಮುಂಬಯಿಗೆ ಹೊಸದಾಗಿ ಬಂದವರಿಗೆ: ಕಡಿಮೆ ಖರ್ಚಿನ ಚಿಕಿತ್ಸೆ, ರೇಷನ್, ನೆರವು ಎಲ್ಲಿ, ಹೇಗೆ

ಮುಂಬಯಿಯಲ್ಲಿ ಕೈಯಲ್ಲಿ ಕಾಸಿಲ್ಲದವರಿಗೂ ದೊಡ್ಡ ಆಪರೇಷನ್‌ವರೆಗೆ ದಾರಿ ಇದೆ. ಆದರೆ ಇಲ್ಲಿನ ಮುಖ್ಯ ಯೋಜನೆಗಳು ಕಟ್ಟಿದ ಹಣ ವಾಪಸ್ ಕೊಡುವಂಥವಲ್ಲ. ಬಿಲ್ ಕಟ್ಟುವ ಮೊದಲೇ, ಸಾಧ್ಯವಾದರೆ ದಾಖಲಾದ ದಿನವೇ, ಸರಿಯಾದ ಕಿಟಕಿಗೆ ಸರಿಯಾದ ಕಾಗದ ತಲುಪಬೇಕು. ಬಡ್ಡಿಗೆ ಸಾಲ ತಂದು ಬಿಲ್ ತೀರಿಸಿ, ಆಮೇಲೆ ನಮ್ಮ ಸಂಘಕ್ಕೆ ಬಂದು ಕೇಳಿದರೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರಿರಲಿ, ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರಿರಲಿ, ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಇದನ್ನು ಒಮ್ಮೆ ಓದಿಕೊಳ್ಳಿ.

ಮೊದಲ ತಿಂಗಳು: ಕಾಗದಪತ್ರ

ಊರಿನಿಂದ ಹೊರಡುವಾಗಲೇ ತರಬೇಕಾದವು: ಮನೆಮಂದಿಯೆಲ್ಲರ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಗರ್ಭಿಣಿಯರ ತಾಯಿ ಕಾರ್ಡ್, ಮಕ್ಕಳ ಲಸಿಕೆ ಕಾರ್ಡ್, ಹಳೆಯ ಕಾಯಿಲೆಯ ಚೀಟಿಗಳು. ಮೂಲಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎತ್ತರದಲ್ಲಿಡಿ. ಜುಲೈ ಮಳೆಯಲ್ಲಿ ಚಾಳಿನ ಕೆಳಮನೆಗಳಿಗೆ ನೀರು ನುಗ್ಗಿದಾಗ ಮೊದಲು ಹಾಳಾಗುವುದು ಮಂಚದ ಕೆಳಗಿನ ಪೆಟ್ಟಿಗೆ. ಎಲ್ಲದರ ಫೋಟೊ ಇಬ್ಬರ ಮೊಬೈಲಿನಲ್ಲಾದರೂ ಇರಲಿ.

ಮನೆ ಬಾಡಿಗೆಗೆ ಹಿಡಿದಾಗ ಲೀವ್ ಅಂಡ್ ಲೈಸೆನ್ಸ್ ಕರಾರನ್ನು (ಇಲ್ಲಿನ ಬಾಡಿಗೆ ಕರಾರು) ನೋಂದಣಿ ಮಾಡಿಸಿಕೊಡಿ ಎಂದು ಮಾಲೀಕರನ್ನು ಕೇಳಿ. ಆಧಾರ್ ವಿಳಾಸ ಬದಲಿಸಲು, ಗ್ಯಾಸ್ ತೆಗೆದುಕೊಳ್ಳಲು, ಮುಂದೆ ಆದಾಯ ಪ್ರಮಾಣಪತ್ರ ಮಾಡಿಸಲು ಅದೇ ಆಧಾರ. ಮನೆಯ ಒಬ್ಬರ ಆಧಾರ್‌ನಲ್ಲಿ ಮುಂಬಯಿ ವಿಳಾಸ ಬಂದರೆ, ಕುಟುಂಬದ ಮುಖ್ಯಸ್ಥರೆಂದು ಅವರ ಒಪ್ಪಿಗೆ ಪಡೆದು ಉಳಿದವರ ವಿಳಾಸವನ್ನೂ ಬದಲಿಸಬಹುದು. ಮಕ್ಕಳಿಗೆ 5 ಮತ್ತು 15 ವರ್ಷ ತುಂಬಿದಾಗ ಆಧಾರ್‌ನಲ್ಲಿ ಬೆರಳಚ್ಚು ಹೊಸದಾಗಿ ಕೊಡಬೇಕು. ಇದನ್ನು ಮರೆತವರಿಗೆ ರೇಷನ್ ಅಂಗಡಿಯಲ್ಲೂ ವಿದ್ಯಾರ್ಥಿವೇತನದಲ್ಲೂ ತೊಡಕಾಗುತ್ತದೆ.

ರೇಷನ್ ಕಾರ್ಡ್: ಆತುರಪಡಬೇಡಿ

ಕರ್ನಾಟಕದ ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡನ್ನು ಬಂದ ಕೂಡಲೇ ರದ್ದು ಮಾಡಿಸಬೇಡಿ. "ಒಂದು ದೇಶ ಒಂದು ರೇಷನ್ ಕಾರ್ಡ್" ವ್ಯವಸ್ಥೆಯಲ್ಲಿ ಅದೇ ಕಾರ್ಡಿನ ಮೇಲೆ ಇಲ್ಲಿನ ಯಾವುದೇ ಸರ್ಕಾರಿ ರೇಷನ್ ಅಂಗಡಿಯಲ್ಲಿ ಧಾನ್ಯ ಸಿಗುತ್ತದೆ. ಕಾರ್ಡಿನ ನಂಬರ್ ಅಥವಾ ಆಧಾರ್ ನಂಬರ್ ಹೇಳಿ, ಯಂತ್ರದ ಮೇಲೆ ಬೆರಳಿಟ್ಟರೆ ಸಾಕು. ಸಿಗುವುದು ಕೇಂದ್ರದ ಪಾಲು ಮಾತ್ರ: ತಲೆಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯಕ್ಕೆ ಕುಟುಂಬಕ್ಕೆ 35 ಕೆ.ಜಿ. ಅಕ್ಕಿ ಎಷ್ಟು, ಗೋಧಿ ಎಷ್ಟು ಎಂಬುದು ಇಲ್ಲಿನ ಲೆಕ್ಕದಂತೆ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಸೇರಿಸಿ ಕೊಡುವುದು ಇಲ್ಲಿ ಸಿಗದು.

ಇಲ್ಲಿ ಎಡವಟ್ಟಾಗುವುದು ಹೀಗೆ. ಊರಲ್ಲಿರುವ ಅತ್ತೆ ಮಾವ ಆ ತಿಂಗಳ ಪೂರ್ತಿ ಪಾಲನ್ನು ಎತ್ತಿದ್ದರೆ ಇಲ್ಲಿ ಯಂತ್ರ "ಬಾಕಿ ಇಲ್ಲ" ಎನ್ನುತ್ತದೆ. ಅಂಗಡಿಯವರೊಡನೆ ಜಗಳ ಬೇಡ, ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ: ಅವರ ಪಾಲು ಅಲ್ಲಿ, ನಿಮ್ಮ ಪಾಲು ಇಲ್ಲಿ. ಕಾರ್ಡಿನಲ್ಲಿ ಪ್ರತಿಯೊಬ್ಬರ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ಪರಿಶೀಲನೆ, ಆಗಿರಬೇಕು. ಅಂಗಡಿಯವರು ಕೊಡುವುದೇ ಇಲ್ಲ ಎಂದರೆ 14445ಕ್ಕೆ ಕರೆ ಮಾಡಿ.

ಮಹಾರಾಷ್ಟ್ರದ ಕಾರ್ಡ್ ಬೇಕೆಂದರೆ ಕರ್ನಾಟಕದ ಕಾರ್ಡಿನಿಂದ ಹೆಸರು ತೆಗೆಸಿದ ದಾಖಲೆ ಕೊಡಬೇಕು. ಹೆಸರು ತೆಗೆಸಿದರೆ ಆ ಕಾರ್ಡಿಗೆ ಅಂಟಿಕೊಂಡ ಗೃಹಲಕ್ಷ್ಮಿಯಂಥ ಸೌಲಭ್ಯಕ್ಕೂ ಪೆಟ್ಟು ಬೀಳುತ್ತದೆ. ಇತ್ತ, ಮಹಾರಾಷ್ಟ್ರದ ಆಸ್ಪತ್ರೆ ಯೋಜನೆಗೆ ಇಲ್ಲಿನ ಕಾರ್ಡೇ ಬೇಕು. ನಮ್ಮ ಅಭಿಪ್ರಾಯ: ಎರಡು ಮೂರು ವರ್ಷವಾದರೂ ಇಲ್ಲೇ ನಿಲ್ಲುವುದು ಖಚಿತವಿದ್ದರೆ, ಅಥವಾ ಮನೆಯಲ್ಲಿ ಹೃದಯ, ಕಿಡ್ನಿ, ಕ್ಯಾನ್ಸರಿನಂಥ ದೊಡ್ಡ ಕಾಯಿಲೆ ಇದ್ದರೆ ಇಲ್ಲಿನ ಕಾರ್ಡ್ ಮಾಡಿಸಿ. ಬೇಸಿಗೆಗೆ ಊರಿಗೆ ವಾಪಸಾಗುವವರು ಹಳೆಯದನ್ನೇ ಉಳಿಸಿಕೊಳ್ಳಿ.

ದವಾಖಾನೆಯಿಂದ ಶುರು ಮಾಡಿ

ಜ್ವರ, ಕೆಮ್ಮು, ಬಿಪಿ, ಶುಗರ್‌ಗೆ ನೇರವಾಗಿ ಕೆಇಎಂ ಅಥವಾ ಸಾಯನ್ ಆಸ್ಪತ್ರೆಗೆ ಓಡಬೇಕಿಲ್ಲ. ಅರ್ಧ ದಿನದ ಕೂಲಿ ಹೋಗುತ್ತದೆ, ಸಿಗುವುದು ಅದೇ ಮಾತ್ರೆ. ಮಹಾನಗರ ಪಾಲಿಕೆಯ ದವಾಖಾನೆ, ಹೆಲ್ತ್ ಪೋಸ್ಟ್ (ಚಿಕ್ಕ ಆರೋಗ್ಯ ಕೇಂದ್ರ) ಪ್ರತಿ ವಾರ್ಡಿನಲ್ಲೂ ಇವೆ. 2022ರಲ್ಲಿ ಶುರುವಾದ "ಆಪಲಾ ದವಾಖಾನಾ"ಗಳಲ್ಲಿ ಹಲವು ರಾತ್ರಿ 10ರವರೆಗೆ ತೆರೆದಿರುವುದರಿಂದ ಕೆಲಸ ಮುಗಿಸಿಕೊಂಡೂ ಹೋಗಬಹುದು. ತಪಾಸಣೆ, ಮಾತ್ರೆ, ರಕ್ತ ಪರೀಕ್ಷೆ ಉಚಿತ. ಯಾವ ರಾಜ್ಯದವರೆಂದು ಕೇಳುವುದಿಲ್ಲ. ಹತ್ತಿರದ್ದು ಎಲ್ಲಿದೆಯೆಂದು ತಿಳಿಯದಿದ್ದರೆ ಪಾಲಿಕೆಯ 1916 ನಂಬರಿಗೆ ಕೇಳಿ.

ಮಳೆಗಾಲದ ಒಂದು ಮಾತು ಬಹಳ ಮುಖ್ಯ. ರಸ್ತೆಯಲ್ಲಿ ನಿಂತ ನೀರಿನಲ್ಲಿ ನಡೆದಿದ್ದರೆ, ಅದರಲ್ಲೂ ಕಾಲಲ್ಲಿ ಗಾಯವಿದ್ದರೆ, 72 ಗಂಟೆಯೊಳಗೆ ದವಾಖಾನೆಗೆ ಹೋಗಿ ಹೇಳಿ. ಇಲಿ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ತಡವಾದರೆ ಕಿಡ್ನಿ, ಲಿವರ್ ಕೆಡಿಸುತ್ತದೆ. ತಡೆಯುವ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಕೊಡುವ ಮಾತ್ರೆ ಬೇರೆ, ಆದ್ದರಿಂದ ಗಂಡಸರಿಗೆ ಕೊಟ್ಟದ್ದನ್ನು ಮನೆಯಲ್ಲಿ ಹಂಚಿಕೊಳ್ಳಬೇಡಿ. ನಾಯಿ ಕಚ್ಚಿದರೆ ಮೊದಲು 15 ನಿಮಿಷ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಏನನ್ನೂ ಹಚ್ಚಬೇಡಿ. ಅದೇ ದಿನ ಚುಚ್ಚುಮದ್ದು ಶುರುವಾಗಬೇಕು, ಚೀಟಿಯಲ್ಲಿ ಬರೆದ ಎಲ್ಲ ತಾರೀಖಿಗೂ ಹೋಗಬೇಕು.

ದೊಡ್ಡ ಆಸ್ಪತ್ರೆಯ ರೀತಿ ರಿವಾಜು

ಪಾಲಿಕೆಯ ದೊಡ್ಡವು ನಾಲ್ಕು: ಪರೇಲ್‌ನ ಕೆಇಎಂ, ಸಾಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್‌ನ ನಾಯರ್, ವಿಲೆಪಾರ್ಲೆಯ ಕೂಪರ್. ಭಾಯಖಳಾದ ಜೆ.ಜೆ. ರಾಜ್ಯ ಸರ್ಕಾರದ್ದು. ಘಾಟ್‌ಕೋಪರ್‌ನ ರಾಜಾವಾಡಿ, ಬಾಂದ್ರಾ ಮತ್ತು ಕುರ್ಲಾದ ಭಾಭಾ ಆಸ್ಪತ್ರೆಗಳಲ್ಲಿ ಸಾಮಾನ್ಯ ಹೆರಿಗೆ, ಮೂಳೆ ಮುರಿತ, ಜ್ವರಕ್ಕೆ ಗದ್ದಲ ಸ್ವಲ್ಪ ಕಡಿಮೆ.

ಹೊರರೋಗಿಗಳಿಗೆ ಕೇಸ್ ಪೇಪರ್ (ರೋಗಿಯ ನೋಂದಣಿ ಚೀಟಿ) ಮಾಡಿಸುವುದು ಬೆಳಿಗ್ಗೆಯೇ, ಹತ್ತಿಪ್ಪತ್ತು ರೂಪಾಯಿಯ ಖರ್ಚು. ಕಿಟಕಿ ತೆರೆಯುವ ಹೊತ್ತಿಗೇ ಸರತಿಯಲ್ಲಿರಿ, ಮಧ್ಯಾಹ್ನ ಹೋದರೆ ಹೊಸ ಪೇಪರ್ ಸಿಗದು. ಮರಾಠಿಯಲ್ಲಿ "ಕೇಸ್ ಪೇಪರ್ ಕುಠೇ ಕಾಢಾಯ್ಚಾ?" (ಕೇಸ್ ಪೇಪರ್ ಎಲ್ಲಿ ಮಾಡಿಸಬೇಕು?) ಎಂದು ಕೇಳಿದರೆ ಯಾರಾದರೂ ಕಿಟಕಿ ತೋರಿಸುತ್ತಾರೆ. ಪೇಪರಿನ ಮೇಲ್ಭಾಗದಲ್ಲಿ ವಿಭಾಗದ ಜೊತೆ ಯೂನಿಟ್ (ಡಾಕ್ಟರುಗಳ ತಂಡ) ನಂಬರ್ ಬರೆದಿರುತ್ತಾರೆ. ಅದನ್ನು ಗಮನಿಸಿ, ಏಕೆಂದರೆ ಪ್ರತಿ ಯೂನಿಟ್‌ಗೂ ವಾರದಲ್ಲಿ ತನ್ನದೇ ದಿನಗಳಿರುತ್ತವೆ. ಸೋಮವಾರದ ಯೂನಿಟ್‌ನ ರೋಗಿ ಬುಧವಾರ ಹೋದರೆ ಎರಡು ಗಂಟೆ ನಿಂತ ಮೇಲೆ ವಾಪಸ್ ಕಳಿಸುತ್ತಾರೆ. ಮುಂದಿನ ತಾರೀಖು ಬಂದ ಕೂಡಲೇ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ. ಹಳೆಯ ಪೇಪರ್ ಕಳೆದುಕೊಂಡು ಹೊಸದು ಮಾಡಿಸಿದರೆ ಪರೀಕ್ಷೆಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ.

ಡಾಕ್ಟರ್ ಹೊರಗಿನ ಔಷಧ ಬರೆದರೆ, ಅಥವಾ ಇಂಪ್ಲಾಂಟ್, ಸ್ಟೆಂಟ್ ತನ್ನಿ ಎಂದರೆ, ಕೊಳ್ಳುವ ಮೊದಲು ಆಸ್ಪತ್ರೆಯ ಸೋಶಿಯಲ್ ವರ್ಕರ್ ಕಚೇರಿಗೆ ಹೋಗಿ. ಬಡರೋಗಿಗಳಿಗಾಗಿ "ಪೂರ್ ಬಾಕ್ಸ್" ಎಂಬ ನಿಧಿ ಇರುತ್ತದೆ, ಟ್ರಸ್ಟ್‌ಗಳಿಗೆ ಪತ್ರ ಬರೆದುಕೊಡುವವರೂ ಅವರೇ. ರೇಷನ್ ಕಾರ್ಡ್, ಆಧಾರ್, ಡಾಕ್ಟರ್ ಸಹಿ ಇರುವ ಅಂದಾಜು ವೆಚ್ಚದ ಚೀಟಿ ಒಯ್ಯಿರಿ. ಗೇಟಿನ ಹೊರಗೆ "ಬೇಗ ಮಾಡಿಸಿಕೊಡುತ್ತೇನೆ" ಎನ್ನುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ತುರ್ತಾದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಉಚಿತ. ತುರ್ತು ವಿಭಾಗದಲ್ಲಿ ಮೊದಲು ಚಿಕಿತ್ಸೆ, ಕಾಗದ ಆಮೇಲೆ. ಸುಟ್ಟಗಾಯ, ವಿಷ, ಅಪಘಾತದಲ್ಲಿ ಪೊಲೀಸ್ ದಾಖಲೆ ಆಗುತ್ತದೆಂದು ಹೆದರಿ ಕಾರಣ ಮುಚ್ಚಿಡಬೇಡಿ. ಏನು ಕುಡಿದರು, ಎಷ್ಟು ಹೊತ್ತಾಯಿತು ಎಂಬುದರ ಮೇಲೆಯೇ ಜೀವ ನಿಂತಿರುತ್ತದೆ.

ಉಚಿತ ಆಪರೇಷನ್: ಎರಡು ಯೋಜನೆ

ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮಹಾರಾಷ್ಟ್ರದ ಹಳದಿ, ಕೇಸರಿ ಕಾರ್ಡಿನವರಿಗಷ್ಟೇ ಇದ್ದದ್ದನ್ನು ಬಿಳಿ ಕಾರ್ಡಿಗೂ ವಿಸ್ತರಿಸಿದ್ದಾರೆ. ಯೋಜನೆಗೆ ಸೇರಿದ ಪ್ರತಿ ಆಸ್ಪತ್ರೆಯಲ್ಲಿ "ಆರೋಗ್ಯ ಮಿತ್ರ" ಎಂಬ ಡೆಸ್ಕ್ ಇರುತ್ತದೆ. ಅಲ್ಲಿ ಹೆಸರು ನೋಂದಾಯಿಸಿ, ಆಪರೇಷನ್‌ಗೆ ಮೊದಲು ಮಂಜೂರಾತಿ ಬರಬೇಕು. ರೇಷನ್ ಕಾರ್ಡಿನಲ್ಲಿ ರೋಗಿಯ ಹೆಸರಿಲ್ಲದಿದ್ದರೆ, ಅಥವಾ ಆಧಾರ್ ಹೆಸರಿಗೂ ಕಾರ್ಡಿನ ಹೆಸರಿಗೂ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ನಮ್ಮವರಲ್ಲಿ ಒಂದು ಕಡೆ ಮನೆತನದ ಹೆಸರು, ಇನ್ನೊಂದು ಕಡೆ ಅಪ್ಪನ ಹೆಸರಷ್ಟೇ ಇರುವುದು ಸಾಮಾನ್ಯ. ಈಗಲೇ ತೆಗೆದು ನೋಡಿ ಸರಿಪಡಿಸಿಕೊಳ್ಳಿ. ಮಂಜೂರಾದ ಚಿಕಿತ್ಸೆಯಲ್ಲಿ ಪರೀಕ್ಷೆ, ಔಷಧ, ಊಟ ಎಲ್ಲ ಸೇರಿದೆ. ನಡುವೆ ಯಾರಾದರೂ ಹಣ ಕೇಳಿದರೆ 155388ಕ್ಕೆ ದೂರು ಕೊಡಿ.

ಕರ್ನಾಟಕದ ಕಾರ್ಡ್ ಇರುವವರಿಗೆ ಈ ಯೋಜನೆ ಸಿಗದು. ಆದರೆ ನಿಮ್ಮ ಹೆಸರು ಕೇಂದ್ರದ ಉಚಿತ ಚಿಕಿತ್ಸಾ ಯೋಜನೆಯಾದ ಆಯುಷ್ಮಾನ್ ಪಟ್ಟಿಯಲ್ಲಿದ್ದರೆ ಆ ಕಾರ್ಡ್ ಇಲ್ಲೂ ನಡೆಯುತ್ತದೆ. 14555ಕ್ಕೆ ಕರೆ ಮಾಡಿ ವಿಚಾರಿಸಿ. ಮನೆಯಲ್ಲಿ 70 ದಾಟಿದ ಹಿರಿಯರಿದ್ದರೆ ಆದಾಯ ನೋಡದೆ, ಬರೀ ಆಧಾರ್ ಮೇಲೆ ಅವರಿಗೆ ಆಯುಷ್ಮಾನ್ ಕಾರ್ಡ್ ಆಗುತ್ತದೆ. ಇದನ್ನು ಎಷ್ಟೋ ಮನೆಯವರು ಇನ್ನೂ ಮಾಡಿಸಿಲ್ಲ.

ಖಾಸಗಿ ಟ್ರಸ್ಟ್ ಆಸ್ಪತ್ರೆಗಳಲ್ಲಿ ಬಡವರ ಹಾಸಿಗೆ

ನಗರದ ದೊಡ್ಡ ಹೆಸರಿನ ಖಾಸಗಿ ಆಸ್ಪತ್ರೆಗಳಲ್ಲಿ ಅನೇಕವು ಚಾರಿಟಬಲ್ ಟ್ರಸ್ಟ್‌ಗಳು. ಬಾಂಬೆ ಹೈಕೋರ್ಟ್ 2006ರಲ್ಲಿ ಒಪ್ಪಿದ ಯೋಜನೆಯಂತೆ ಅವು 10% ಹಾಸಿಗೆಯನ್ನು ಕಡುಬಡವರಿಗೆ ಉಚಿತವಾಗಿ, ಇನ್ನು 10% ಹಾಸಿಗೆಯನ್ನು ಆರ್ಥಿಕವಾಗಿ ಹಿಂದುಳಿದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ವರ್ಷದ ಆದಾಯ 1,80,000 ರೂಪಾಯಿಯೊಳಗಿದ್ದರೆ ಮೊದಲ ಗುಂಪು, 3,60,000ದೊಳಗಿದ್ದರೆ ಎರಡನೆಯದು. ಅಂದರೆ ಮನೆಯ ತಿಂಗಳ ಗಳಿಕೆ 15,000 ಇದ್ದವರು ಉಚಿತಕ್ಕೆ ಹಕ್ಕುದಾರರು. ಇದು ದಾನವಲ್ಲ, ಟ್ರಸ್ಟ್ ಎಂದು ಸರ್ಕಾರದಿಂದ ಸವಲತ್ತು ಪಡೆದದ್ದಕ್ಕೆ ಅವರು ತೀರಿಸಬೇಕಾದ ಬಾಧ್ಯತೆ. ತಲೆತಗ್ಗಿಸದೆ ಕೇಳಿ.

ದಾಖಲಾಗುವಾಗಲೇ ಮೆಡಿಕಲ್ ಸೋಶಿಯಲ್ ವರ್ಕರ್ ಬಳಿ ಹೋಗಿ, "ಚಾರಿಟಿ ಬೆಡ್ ಬೇಕು" ಎಂದು ಬರಹದಲ್ಲಿ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಬೇಕು. ಅದಕ್ಕೆ ಸೇತು ಕೇಂದ್ರದಲ್ಲಿ (ಸರ್ಕಾರಿ ಪ್ರಮಾಣಪತ್ರಗಳಿಗೆ ಅರ್ಜಿ ತೆಗೆದುಕೊಳ್ಳುವ ಕಚೇರಿ) ಅರ್ಜಿ ಹಾಕಿದ ಮೇಲೆ ದಿನಗಳು ಹಿಡಿಯುವುದರಿಂದ ಮೊದಲೇ ಮಾಡಿಸಿಡಿ. ಡಿಲಕ್ಸ್ ರೂಮಿಗೆ ಸೇರಿಸಿ ನಾಲ್ಕು ದಿನದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ತುರ್ತು ರೋಗಿಗೆ ಡಿಪಾಸಿಟ್ ಕೇಳುವಂತಿಲ್ಲ. "ಬೆಡ್ ಖಾಲಿ ಇಲ್ಲ" ಎಂದರೆ ಅದನ್ನೇ ಬರೆದುಕೊಡಿ ಎನ್ನಿ. ವರಳಿಯಲ್ಲಿರುವ ಚಾರಿಟಿ ಕಮಿಷನರ್ ಕಚೇರಿಗೆ ದೂರು ಕೊಡಬಹುದು.

ಪರೇಲ್‌ನ ಟಾಟಾ ಮೆಮೋರಿಯಲ್‌ಗೆ ಕ್ಯಾನ್ಸರ್ ಚಿಕಿತ್ಸೆಗೆ ಬರುವವರು ನೋಂದಣಿಯ ಮೊದಲ ದಿನವೇ ಜನರಲ್ ವಿಭಾಗ (ಕಡಿಮೆ ಖರ್ಚಿನದು) ಎಂದು ಸ್ಪಷ್ಟವಾಗಿ ಹೇಳಬೇಕು. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಯ ಪ್ರಯಾಣಕ್ಕೆ ರೈಲಿನ ಸ್ಲೀಪರ್ ಟಿಕೆಟ್ ಉಚಿತ, ಜೊತೆಗೊಬ್ಬರಿಗೆ ರಿಯಾಯಿತಿ. ಅದರ ಫಾರ್ಮ್ ಆಸ್ಪತ್ರೆಯಲ್ಲೇ ಸಿಗುತ್ತದೆ.

ಕೆಲಸದ ಮೂಲಕ ಸಿಗುವುದು

ತಿಂಗಳ ಸಂಬಳ 21,000ದೊಳಗಿದ್ದು ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಅನ್ವಯಿಸುವ ಹೋಟೆಲ್ ಅಥವಾ ಕಾರ್ಖಾನೆಯಲ್ಲಿದ್ದರೆ ಸಂಬಳದಿಂದ 0.75% ಕಡಿತವಾಗುತ್ತದೆ, 10,000ಕ್ಕೆ 75 ರೂಪಾಯಿ. ಇಷ್ಟಕ್ಕೆ ಹೆಂಡತಿ, ಮಕ್ಕಳು, ನಿಮ್ಮನ್ನೇ ನಂಬಿದ ತಂದೆತಾಯಿಗೂ ಚಿಕಿತ್ಸೆ ಇದೆ. ಆದರೆ ಅವರ ಹೆಸರು ನಿಮ್ಮ ಇಎಸ್‌ಐ ಖಾತೆಗೆ ಸೇರಿರಬೇಕು. ಕಟ್ಟಡ ಕೆಲಸದವರು 90 ದಿನ ದುಡಿದ ದಾಖಲೆ ಕೊಟ್ಟು ಮಹಾರಾಷ್ಟ್ರ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಿ.

ಬಸುರಿ, ಬಾಣಂತಿ, ಮಕ್ಕಳು

ಮುಟ್ಟು ನಿಂತ ಮೂರು ತಿಂಗಳೊಳಗೆ ಹತ್ತಿರದ ಹೆಲ್ತ್ ಪೋಸ್ಟ್ ಅಥವಾ ಪಾಲಿಕೆಯ ಹೆರಿಗೆ ಆಸ್ಪತ್ರೆಯಲ್ಲಿ ಹೆಸರು ಬರೆಸಿ. ಹೆಸರಿಲ್ಲದೆ ನೋವು ಬಂದಾಗ ಹೋದರೆ ರಕ್ತದ ಗುಂಪು, ಸ್ಕ್ಯಾನ್, ಹಿಮೋಗ್ಲೋಬಿನ್ ಏನೂ ಗೊತ್ತಿಲ್ಲದೆ ಡಾಕ್ಟರುಗಳೂ ಪರದಾಡುತ್ತಾರೆ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ತಾಯಿಯ ಖಾತೆಗೆ ಬರುತ್ತದೆ. ಖಾತೆ ಗಂಡನ ಹೆಸರಲ್ಲಿದ್ದರೆ ಬರುವುದಿಲ್ಲ, ಆಧಾರ್‌ಗೆ ಜೋಡಣೆಯೂ ಆಗಿರಬೇಕು. ಫಾರ್ಮ್‌ಗೆ ಅಂಗನವಾಡಿ ಅಕ್ಕನನ್ನು ಕೇಳಿ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು ಇಲ್ಲಿನ ಕಾರ್ಡ್, ರಿಪೋರ್ಟು ಎಲ್ಲವನ್ನೂ ಒಯ್ಯಿರಿ. ಜನನ ನೋಂದಣಿ ಹುಟ್ಟಿದ ಊರಲ್ಲೇ, 21 ದಿನದೊಳಗೆ. ಪ್ರಮಾಣಪತ್ರ ಕೈಗೆ ಬಂದ ಮೇಲೇ ಮುಂಬಯಿ ರೈಲು ಹತ್ತಿ. ಕರ್ನಾಟಕದ ತಾಯಿ ಕಾರ್ಡ್ ಇಲ್ಲೂ ನಡೆಯುತ್ತದೆ, ಲಸಿಕೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಾರೆ. ಹೆಚ್ಚಾಗಿ ತಪ್ಪಿಹೋಗುವುದು 9ನೇ ತಿಂಗಳ ದಡಾರ-ರುಬೆಲ್ಲಾ ಮತ್ತು 16 ತಿಂಗಳ ನಂತರದ ಡೋಸ್.

ಹೆರಿಗೆಯ ನಂತರ ಊರುಬಿಟ್ಟ ಹೆಣ್ಣುಮಕ್ಕಳು ಒಂಟಿಯಾಗಿ ಕೊರಗುವುದು, ಗಂಡಸರು ಕುಡಿತಕ್ಕೆ ಬೀಳುವುದು ಇವೆಲ್ಲವೂ ಚಿಕಿತ್ಸೆ ಇರುವ ಕಾಯಿಲೆಗಳೇ. 14416 ನಂಬರಿನ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಟಿಬಿ

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ಕಫ ಪರೀಕ್ಷೆ ಮಾಡಿಸಿ. ಗಾಳಿಯಿಲ್ಲದ ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಕಡೆ ಇದು ಬೇಗ ಹರಡುತ್ತದೆ. ಪರೀಕ್ಷೆ, ಔಷಧ ಪೂರ್ತಿ ಉಚಿತ. ಜೊತೆಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೆ ಹಾಕುತ್ತಾರೆ. ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಎರಡನೇ ತಿಂಗಳಿಗೇ ಮೈಗೆ ಚೈತನ್ಯ ಬರುತ್ತದೆ, ಅಷ್ಟರಲ್ಲಿ ಊರ ಜಾತ್ರೆಯೋ ಸುಗ್ಗಿಯೋ ಬಂದು ಮಾತ್ರೆ ನಿಂತುಹೋಗುತ್ತದೆ. ಹಾಗೆ ನಿಂತ ಟಿಬಿ ಔಷಧಕ್ಕೆ ಬಗ್ಗದ ಟಿಬಿಯಾಗಿ ತಿರುಗಬಹುದು. ಊರಿಗೆ ಹೊರಡುವ ಒಂದು ವಾರ ಮೊದಲೇ ಚಿಕಿತ್ಸೆ ಪಡೆಯುವ ಕೇಂದ್ರದಲ್ಲಿ ಹೇಳಿ. ನಿಕ್ಷಯ್ ಐಡಿ (ಟಿಬಿ ರೋಗಿಯ ಸರ್ಕಾರಿ ನೋಂದಣಿ) ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡರೆ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದೇ ಚಿಕಿತ್ಸೆ ಮುಂದುವರಿಯುತ್ತದೆ. ದಾರಿಯ ದಿನಗಳಿಗೂ ಅಲ್ಲಿ ಹೆಸರು ವರ್ಗವಾಗುವವರೆಗೂ ಸಾಲುವಷ್ಟು ಮಾತ್ರೆ ಕೇಳಿ ಪಡೆದುಕೊಳ್ಳಿ.