ಮನೆಯಲ್ಲೇ ಇರುವ ಅಮ್ಮನಿಗೂ ಆಸರೆ ಬೇಕು: ಪುಣೆಯಲ್ಲಿ ಮಗು ನೋಡಿಕೊಳ್ಳುವವರನ್ನು ಗೊತ್ತುಮಾಡುವುದು ಹೇಗೆ?

"ಮನೆಯಲ್ಲೇ ಇರ್ತೀಯಲ್ಲ, ಮಗು ನೋಡೋಕೆ ಇನ್ನೊಬ್ಬರು ಯಾಕೆ?" ಊರಿಂದ ಈ ಮಾತು ಬಂದೇ ಬರುತ್ತದೆ. ತಲೆ ಕೆಡಿಸಿಕೊಳ್ಳಬೇಡಿ. ಹುಬ್ಬಳ್ಳಿಯಲ್ಲಾದರೆ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು ಇರುತ್ತಾರೆ. ಪುಣೆಯ ವಾಕಡ್‌ನ ಫ್ಲ್ಯಾಟಿನಲ್ಲಿ ಗಂಡ ಹಿಂಜವಡಿಯ ಆಫೀಸಿಗೆ ಹೊರಟ ಮೇಲೆ ನೀವೊಬ್ಬರೇ. ದಿನಕ್ಕೆ ಮೂರು ತಾಸು ಯಾರಾದರೂ ಬಂದರೂ ನೆಮ್ಮದಿಯಾಗಿ ತಲೆಸ್ನಾನ ಮಾಡಬಹುದು, ಬಿಸಿ ಊಟ ಉಣ್ಣಬಹುದು.

ಮೊದಲು ಕೆಲಸ ಏನೆಂದು ಬರೆದಿಟ್ಟುಕೊಳ್ಳಿ. ಮಗುವಿನ ಸ್ನಾನ, ಅದರ ಬಟ್ಟೆ, ಊಟ, ಸಂಜೆ ಕೆಳಗೆ ಆಡಿಸುವುದು. ಇಷ್ಟೇ. ಧುಣಿ-ಭಾಂಡಿಗೆ, ಅಂದರೆ ಬಟ್ಟೆ-ಪಾತ್ರೆ ತೊಳೆಯಲು ಬರುವವರೇ ಬೇರೆ, ಅವರ ಪಗಾರವೇ ಬೇರೆ. "ಹಾಗೇ ಎರಡು ಪಾತ್ರೆ ತೊಳೆದುಬಿಡಿ" ಎಂದು ಶುರುವಾದದ್ದು ಇಡೀ ಅಡುಗೆಮನೆಗೆ ಹಬ್ಬುತ್ತದೆ, ಮಗು ಟಿವಿ ಮುಂದೆ ಕೂರುತ್ತದೆ.

ಹುಡುಕಾಟ ನಿಮ್ಮ ಸೊಸೈಟಿ, ಅಂದರೆ ಅಪಾರ್ಟ್‌ಮೆಂಟಿನಿಂದಲೇ ಶುರುವಾಗಲಿ. ವಾಚ್‌ಮನ್‌ಗೆ ಹೇಳಿ, ಅಲ್ಲೇ ಬೇರೆ ಮನೆಗಳಿಗೆ ಬರುವ ಮಾವಶಿಯರನ್ನು (ಮನೆಗೆಲಸದವರನ್ನು ಇಲ್ಲಿ ಹೀಗೆ ಕರೆಯುತ್ತಾರೆ) ಕೇಳಿ. ಏಜೆನ್ಸಿಯಾದರೆ ಕಮಿಷನ್ ಎಷ್ಟು, ಕೆಲಸದವರು ಬಿಟ್ಟುಹೋದರೆ ಬದಲಿ ಕೊಡುತ್ತಾರಾ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅವರು ಹಿಂದೆ ಕೆಲಸ ಮಾಡಿದ ಮನೆಗೆ ಫೋನ್ ಮಾಡಲೇಬೇಕು. "ಒಳ್ಳೆಯವರಾ?" ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ, "ಮಗು ಹಟ ಹಿಡಿದು ಅತ್ತಾಗ ಏನು ಮಾಡ್ತಿದ್ರು?" ಎಂದು ಕೇಳಿ. ಆಧಾರ್ ಪ್ರತಿ, ಪೊಲೀಸ್ ವೆರಿಫಿಕೇಶನ್ ಎರಡೂ ಆಗಲಿ.

ಊರಿಂದ ಸಣ್ಣ ಹುಡುಗಿಯನ್ನು ಕಳಿಸುತ್ತೇವೆ ಎಂದರೆ ಖಡಾಖಂಡಿತವಾಗಿ ಬೇಡ ಅನ್ನಿ. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದಕ್ಕೆ 2006ರಿಂದಲೇ ನಿಷೇಧವಿದೆ. ಆ ಹುಡುಗಿಯೂ ಒಂದು ಮಗುವೇ, ಅಲ್ವಾ?

ನೀವು ಮನೆಯಲ್ಲೇ ಇರುವುದು ಇಲ್ಲಿ ದೊಡ್ಡ ಅನುಕೂಲ. ಮೊದಲೆರಡು ದಿನ ನೀವು ಮಾಡಿ, ಅವರು ನೋಡಲಿ. ಆಮೇಲೆ ಅವರು ಮಾಡಲಿ, ನೀವು ನೋಡಿ. ಸ್ನಾನದ ನೀರನ್ನು ಮೊಣಕೈ ಅದ್ದಿ ನೋಡುತ್ತಾರಾ, ಎತ್ತಿಕೊಳ್ಳುವಾಗ ಕತ್ತಿನ ಕೆಳಗೆ ಕೈ ಹೋಗುತ್ತದಾ, ಮಾಲಿಶ್ ಮಾಡುವಾಗ ಮಗು ಅತ್ತರೂ ಉಜ್ಜುತ್ತಲೇ ಇರುತ್ತಾರಾ, ಇದನ್ನೆಲ್ಲ ಗಮನಿಸಿ. ಮರಾಠಿ ಬಾರದಿದ್ದರೂ ಇದೊಂದು ಸಾಲು ಕಲಿಯಿರಿ: "ಮಾವಶಿ, ಬಾಳಾಲಾ ಘ್ಯಾಯಚ್ಯಾ ಆಧೀ ಹಾತ್ ಧುವಾ." ಮಗುವನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆಯಿರಿ ಎಂದು. ಮೂಗು, ಕಿವಿಗೆ ಎಣ್ಣೆ ಬೇಡ, ವರ್ಷ ತುಂಬುವ ತನಕ ಜೇನುತುಪ್ಪ ಬೇಡವೇ ಬೇಡ ಎಂಬುದನ್ನು ಮೊದಲ ದಿನವೇ ಹೇಳಿ. ನಿಮಗೆ ಧೈರ್ಯ ಬಂದ ಮೇಲೆ ಅರ್ಧ ತಾಸು ಕೆಳಗೆ ಹೋಗಿ ಬನ್ನಿ. ನಿಮ್ಮ ನಂಬರ್, ಮಕ್ಕಳ ಡಾಕ್ಟರ ನಂಬರ್, ತುರ್ತು ಸಹಾಯದ 112 ಫ್ರಿಜ್ ಮೇಲೆ ಅಂಟಿಸಿರಲಿ.

ಪಗಾರದ ತಾರೀಕು, ವಾರದ ರಜೆ, ದೀಪಾವಳಿ ಬೋನಸ್ ಮೊದಲೇ ಮಾತಾಡಿ. ಬೋನಸ್ ಎಂದರೆ ಇಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಪಗಾರ. ಮೇ ತಿಂಗಳಲ್ಲಿ ನೀವು ಊರಿಗೆ ಹೋದಾಗ ದುಡ್ಡು ಹಿಡಿಯಬೇಡಿ. ಅವರ ಮನೆ ಬಾಡಿಗೆ, ಮಕ್ಕಳ ಫೀಸು ಆ ತಿಂಗಳೂ ಇರುತ್ತದೆ. ಹಿಡಿದರೆ ನೀವು ಬರುವಷ್ಟರಲ್ಲಿ ಅವರು ಬೇರೆ ಮನೆ ನೋಡಿಕೊಂಡಿರುತ್ತಾರೆ, ಮಗು ಮತ್ತೆ ಹೊಸ ಮುಖಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.