ಲಕ್ವಾ ಆದವರಿಗೆ ಟಿಎಂಎಸ್: ಕರೆದುಕೊಂಡು ಹೋಗುವುದು ಹೇಗೆ?

ಲಕ್ವಾ ಹೊಡೆದ ಮೇಲೆ ನಮ್ಮ ಕಾಕಾಗೆ ಮಾತು ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಡಾಕ್ಟರು ಟಿಎಂಎಸ್, ಅಂದರೆ ತಲೆಯ ಹೊರಗಿನಿಂದ ಮೆದುಳಿಗೆ ಕಾಂತದ ಮಿಡಿತ ಕೊಡುವ ಚಿಕಿತ್ಸೆ, ಎಂದಾಗ ಜಮಖಂಡಿಯ ಮನೆಯಲ್ಲಿ ಎಲ್ಲರೂ ಹೆದರಿದರು. 'ತಲೆಗೆ ಕರೆಂಟ್ ಕೊಡ್ತಾರಂತೆ' ಎಂದು ಕಾಕು ಅತ್ತೇಬಿಟ್ಟರು. ಇದು ಶಾಕ್ ಚಿಕಿತ್ಸೆ ಅಲ್ಲ. ಅರಿವಳಿಕೆ ಕೊಡುವುದಿಲ್ಲ, ಎಚ್ಚರವಾಗಿಯೇ ಕುಳಿತಿರಬಹುದು.

ಸೈಕಲ್ ಡೈನಮೋದಲ್ಲಿ ಆಯಸ್ಕಾಂತ ತಿರುಗಿದರೆ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ, ಅಲ್ವಾ? ಇಲ್ಲೂ ಅದೇ. ತಲೆಯ ಮೇಲಿಟ್ಟ ಸುರುಳಿಯ ಕಾಂತಬಲ ಬುರುಡೆ ದಾಟಿ, ಮೆದುಳಿನ ಮೇಲ್ಪದರದಲ್ಲಿ ಸಣ್ಣ ಕರೆಂಟ್ ಎಬ್ಬಿಸುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ತಂಡ ಇದನ್ನು ಮಾಡಿ ತೋರಿಸಿತು.

ನನಗೆ ಭರವಸೆ ಕೊಟ್ಟಿದ್ದು 1997ರ ಒಂದು ಪ್ರಯೋಗ. ಚಿಕ್ಕಂದಿನಲ್ಲೇ ದೃಷ್ಟಿ ಹೋದವರು ಬ್ರೈಲ್ ಓದುವಾಗ ಹಿಂದಲೆಗೆ ಈ ಮಿಡಿತ ಕೊಟ್ಟರು. ಓದು ತಪ್ಪತೊಡಗಿತು. ಅಂದರೆ ಕಣ್ಣಿಗೆಂದು ಇದ್ದ ಜಾಗ ಬೆರಳಿನ ಓದಿಗೆ ದುಡಿಯುತ್ತಿತ್ತು! ಮೆದುಳು ಹೊಸ ಕೆಲಸ ಕಲಿಯುತ್ತದೆ.

ಹೋಗುವ ಮೊದಲು: ತಲೆಯಲ್ಲಿ ಲೋಹದ ಕ್ಲಿಪ್, ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲು ಒಳಗೆ ಕೂರಿಸಿದ ಸಾಧನ), ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಹೇಳಿ. ಯಾವತ್ತಾದರೂ ಫಿಟ್ಸ್ ಬಂದಿತ್ತೇ? ಮದುವೆ ಸಂಬಂಧ ಕೆಡುತ್ತದೆಂದು ನಮ್ಮ ಕಡೆ ಅದನ್ನು ಮುಚ್ಚಿಡುತ್ತಾರೆ. ಇಲ್ಲಿ ಮುಚ್ಚಿಡಲೇಬೇಡಿ. ಅಪರೂಪಕ್ಕೆ ಈ ಚಿಕಿತ್ಸೆಯಿಂದಲೇ ಫಿಟ್ಸ್ ಬರಬಹುದು. ಮಾತ್ರೆಗಳನ್ನೆಲ್ಲ ಒಯ್ದು ತೋರಿಸಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆಯಾಗಿರಲಿ.

ಕುರ್ಚಿಯಲ್ಲಿ: ಟಕ್ ಟಕ್ ಸದ್ದು ಜೋರು, ಅದಕ್ಕೆ ಕಿವಿಗೆ ಬಿರಡೆ ಹಾಕುತ್ತಾರೆ. ಮೊದಲು ಸುರುಳಿಯನ್ನು ಸರಿಸಿ ಸರಿಸಿ ಹೆಬ್ಬೆರಳು ಅದುರುವ ಜಾಗ ಹುಡುಕುತ್ತಾರೆ. 10 ಮಿಡಿತದಲ್ಲಿ 5 ಸಲ ಅದುರಿದರೆ ಸಾಕು, ಮಿಡಿತ ಎಷ್ಟು ಜೋರಿರಬೇಕು ಎನ್ನುವುದಕ್ಕೆ ಅದೇ ಅಳತೆ. ಒಬ್ಬೊಬ್ಬರ ಅಳತೆ ಒಂದೊಂದು. ಕಾಕಾಗೆ ತಲೆಯ ಬಲಬದಿಗೆ, ಸೆಕೆಂಡಿಗೆ ಒಂದರಂತೆ ಕೊಟ್ಟರು. ಪೆಟ್ಟಾದ ಎಡಬದಿಯನ್ನು ಬಲಬದಿ ಅದುಮುತ್ತಿರಬಹುದು, ಅದನ್ನು ತಣ್ಣಗೆ ಮಾಡೋಣ ಎಂಬ ಲೆಕ್ಕ.

ಸಾಮಾನ್ಯವಾಗಿ ವಾರಕ್ಕೆ 5 ದಿನ, ಕೆಲವು ವಾರ ಹೋಗಬೇಕು. ದಿನಾ ಬಸ್ಸಿನಲ್ಲಿ ಅಲೆಯುವುದಕ್ಕಿಂತ ಬೆಳಗಾವಿಯ ನೆಂಟರ ಮನೆಯಲ್ಲಿ ಉಳಿಯುವುದು ಮೇಲು. ಸ್ವಲ್ಪ ತಲೆನೋವು ಬರಬಹುದು.

ಖಿನ್ನತೆಗೆ ಇದನ್ನು ಬಳಸಲು ಅಮೆರಿಕದಲ್ಲಿ 2008ರಲ್ಲೇ ಒಪ್ಪಿಗೆ ಸಿಕ್ಕಿದೆ. ಮಾತು, ನೆನಪು, ಗಮನದ ವಿಷಯದಲ್ಲಿ ಇನ್ನೂ ಅಧ್ಯಯನ ನಡೆದಿದೆ. 'ಪೂರಾ ಗುಣ ಮಾಡ್ತೀವಿ' ಎನ್ನುವವರನ್ನು ನಂಬಬೇಡಿ.

ಆಮೇಲೆ: ಸುಮ್ನೆ ಮನೆಗೆ ಬರಬೇಡಿ. ಮಿಡಿತ ಮುಗಿದ ಕೂಡಲೇ ಮಾತಿನ ಅಭ್ಯಾಸ ಮಾಡಿಸಬೇಕು, ಯಂತ್ರಕ್ಕಿಂತ ಇದೇ ದೊಡ್ಡದು. ರೊಟ್ಟಿ, ಚರಿಗೆ, ಎತ್ತು ತೋರಿಸಿ ಹೆಸರು ಕೇಳಿ. ಅವರ ಬದಲು ನೀವೇ ಹೇಳಿಬಿಡಬೇಡಿ. ಕಾಕಾ 'ಚರಿಗೆ' ಎನ್ನಲು ಒಮ್ಮೊಮ್ಮೆ ಒಂದು ನಿಮಿಷ ತೆಗೆದುಕೊಳ್ಳುತ್ತಾರೆ. ಕಾಕು ಬಾಯಿ ಬಿಗಿಹಿಡಿದು ಕಾಯುತ್ತಾರೆ.