ಆಫೀಸಿಗೆ ಬರುವ ಕಾರು ಕಡಿಮೆಯಾಗಬೇಕಾದರೆ ಪಾರ್ಕಿಂಗ್‌ನಿಂದ ಶುರು ಮಾಡಿ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರಿಗೆ, ಅದರಲ್ಲೂ ಎಚ್‌ಆರ್‌ನಲ್ಲಿ ಇರುವವರಿಗೆ ಒಂದು ಸಲಹೆ. 'ಬಸ್ಸಲ್ಲಿ ಬನ್ನಿ' ಅಂತ ಸುಮ್ನೆ ಪೋಸ್ಟರ್ ಅಂಟಿಸಿದರೆ ಯಾರೂ ಕಾರು ಬಿಡುವುದಿಲ್ಲ. ಪಾರ್ಕಿಂಗ್ ಪುಕ್ಕಟೆ ಇರುವಾಗ ಯಾಕೆ ಬಿಡುತ್ತಾರೆ, ಅಲ್ವಾ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲಿ ಒಂದು ಕಾನೂನು ಬಂತು. ಬಾಡಿಗೆ ಜಾಗದಲ್ಲಿ ಪುಕ್ಕಟೆ ಪಾರ್ಕಿಂಗ್ ಕೊಡುವ ಕೆಲವು ದೊಡ್ಡ ಕಂಪನಿಗಳು, ಆ ಜಾಗ ಬೇಡ ಅನ್ನುವ ನೌಕರರಿಗೆ ಅದಕ್ಕೆ ಕಟ್ಟುತ್ತಿದ್ದ ಬಾಡಿಗೆ ದುಡ್ಡನ್ನು ಕೈಗೆ ಕೊಡಬೇಕು. ಡೊನಾಲ್ಡ್ ಶೂಪ್ ಅನ್ನುವ ಪ್ರೊಫೆಸರ್ ಇಂಥ ಎಂಟು ಕಂಪನಿಗಳನ್ನು ನೋಡಿದರು. ಒಬ್ಬರೇ ಕಾರಲ್ಲಿ ಬರುವವರು ಶೇ 17ರಷ್ಟು ಕಡಿಮೆಯಾಗಿದ್ದರು. ನಮ್ಮಲ್ಲೂ ಕಾರು ತರದವರಿಗೆ ತಿಂಗಳಿಗೆ ಒಂದಿಷ್ಟು ಭತ್ಯೆ ಕೊಟ್ಟು ನೋಡಬಹುದು.

ಇನ್ನೊಂದು, ಭಯ. ಮಗುವಿಗೆ ಜ್ವರ ಬಂದರೆ, ರಾತ್ರಿ ಲೇಟಾದರೆ ಮನೆಗೆ ಹೋಗುವುದು ಹೇಗೆ? ತುರ್ತಿಗೆ ಆಟೋ ದುಡ್ಡು ಕಂಪನಿಯದು ಅಂತ ಬರೆದುಕೊಡಿ. ಬಳಸುವವರು ಕಡಿಮೆ, ಆದರೆ ಧೈರ್ಯ ಜಾಸ್ತಿ ಬರುತ್ತದೆ.

ಶಕ್ತಿ ಯೋಜನೆಯಿಂದ 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ಆದರೆ ಶಿಫ್ಟ್ ಬಿಡುವ ಹೊತ್ತಿಗೆ ಬಸ್ ಇಲ್ಲದಿದ್ದರೆ ಏನು ಪ್ರಯೋಜನ? ನೌಕರರ ಊರು, ಶಿಫ್ಟ್ ಸಮಯ ಪಟ್ಟಿ ಮಾಡಿ ಡಿಪೋಗೆ ಕೊಡಿ. ಬಸ್ ಸಮಯ ಬದಲಾಗದಿದ್ದರೆ ಶಿಫ್ಟನ್ನೇ ಹದಿನೈದು ನಿಮಿಷ ಆಚೀಚೆ ಮಾಡಿ.